ಬೂಸ್ಟ್ ಕನ್ವರ್ಟರ್ ಮತ್ತು ಸ್ಲೈಡಿಂಗ್ ಮೋಡ್ ನಿಯಂತ್ರಣ

ಪ್ರಶ್ನೆ: 24 ವೋಲ್ಟ್‌ ಅನ್ನು 48ಕ್ಕೆ ಏರಿಸುವ ಬೂಸ್ಟ್ ಕನ್ವರ್ಟರ್‌ಗೆ ಹೊಂದಿಸಿದ ಪಿಐ ನಿಯಂತ್ರಕವು (ದೋಷಕ್ಕೂ ಅದರ ಸಂಚಿತ ಮೊತ್ತಕ್ಕೂ ಅನುಗುಣವಾಗಿ ಸರಿಪಡಿಸುವಂಥದ್ದು), ಇನ್‌ಪುಟ್ 12 ವೋಲ್ಟ್‌ಗೆ ಇಳಿದಾಗ ಔಟ್‌ಪುಟ್ಟನ್ನು ಓಲಾಡಿಸುತ್ತದೆ. ಸ್ಲೈಡಿಂಗ್ ಮೋಡ್ ನಿಯಂತ್ರಣ ಇದಕ್ಕೆ ಪರಿಹಾರವೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬಹುಮಟ್ಟಿಗೆ ಹೌದು, ಆದರೆ ಮೊದಲು ಕಾರಣವನ್ನು ತಿಳಿಯಬೇಕು. ನೀವು ಬಳಸಿದ ರೇಖೀಯ ಮಾದರಿ ಒಂದು ಕಾರ್ಯಬಿಂದುವಿನ (ಇನ್‌ಪುಟ್, ಔಟ್‌ಪುಟ್, ಲೋಡ್‌ಗಳ ಒಂದು ನಿರ್ದಿಷ್ಟ ಸ್ಥಿತಿ) ಸುತ್ತ ಮಾತ್ರ ಸರಿ. ಬೂಸ್ಟ್‌ನಲ್ಲಿ ಡ್ಯೂಟಿಯನ್ನು (ಪ್ರತಿ ಸ್ವಿಚಿಂಗ್ ಆವರ್ತದಲ್ಲಿ ಸ್ವಿಚ್ ಆನ್ ಆಗಿರುವ ಸಮಯದ ಪಾಲು) ಏರಿಸಿದೊಡನೆ ಔಟ್‌ಪುಟ್ ಮೊದಲು ಕುಸಿದು ಆಮೇಲೆ ಏರುತ್ತದೆ. ಈ ವಿರುದ್ಧ ವರ್ತನೆಗೆ ಕಾರಣವಾದ ಬಲಾರ್ಧ ಸಮತಲದ ಸೊನ್ನೆಯ (ರೈಟ್ ಹಾಫ್ ಪ್ಲೇನ್ ಝೀರೋ, ನಿಯಂತ್ರಣದ ವೇಗಕ್ಕೆ ಮಿತಿ ಹಾಕುವ ಗುಣ) ಆವರ್ತನವು, ಡ್ಯೂಟಿ 0.5ರಿಂದ 0.75ಕ್ಕೆ ಹೋದಾಗ, ಲೋಡ್ ಅದೇ ಇದ್ದರೂ, ಕಾಲು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಗೇನ್‌ಗೆ (ಪಿಐ ಪ್ರತಿಕ್ರಿಯೆಯ ತೀವ್ರತೆ) ಇದರ ಸುಳಿವೇ ಇರುವುದಿಲ್ಲ, ಅದಕ್ಕೇ ಈ ಓಲಾಟ.

ಸೋವಿಯತ್ ಒಕ್ಕೂಟದಲ್ಲಿ ಉಟ್ಕಿನ್ ಮೊದಲಾದವರು ಬೆಳೆಸಿದ ಸ್ಲೈಡಿಂಗ್ ಮೋಡ್ ವಿಧಾನವು ಸ್ವಿಚ್‌ನ ಆನ್-ಆಫ್ ಸ್ವಭಾವವನ್ನೇ ನಿಯಂತ್ರಣದ ಸಾಧನವಾಗಿಸಿಕೊಳ್ಳುವುದರಿಂದ ಕನ್ವರ್ಟರ್‌ಗೆ ಸಹಜವಾಗಿ ಒಗ್ಗುತ್ತದೆ. ಆದರೆ ಸ್ಲೈಡಿಂಗ್ ಮೇಲ್ಮೈಯನ್ನು (ವ್ಯವಸ್ಥೆಯ ಸ್ಥಿತಿಯನ್ನು ಸ್ವಿಚಿಂಗ್‌ನಿಂದ ಯಾವ ಸಂಬಂಧದ ಮೇಲೆ ಹಿಡಿದಿಡಬೇಕೋ ಅದನ್ನು) ಔಟ್‌ಪುಟ್ ವೋಲ್ಟೇಜ್ ಒಂದರ ಮೇಲೆಯೇ ಕಟ್ಟಬೇಡಿ, ಏಕೆಂದರೆ ವೋಲ್ಟೇಜ್ ಸ್ಥಿರವಾಗಿ ಕಂಡರೂ ಒಳಗೆ ಇಂಡಕ್ಟರ್ ಕರೆಂಟ್ ಅಸ್ಥಿರವಾಗುತ್ತದೆ. ಕರೆಂಟನ್ನೇ ಮೇಲ್ಮೈಯಾಗಿ ಆರಿಸಿ, ಅದರ ಗುರಿಮೌಲ್ಯವನ್ನು ನಿಧಾನಗತಿಯ ಹೊರ ಪಿಐ ಲೂಪ್‌ನಿಂದ ಪಡೆಯಿರಿ. ಹೊರ ಲೂಪ್ ವೇಗವಾಗಿರಲೆಂದು ಆಸೆಪಡುವುದು ವ್ಯರ್ಥ: ಆ ಸೊನ್ನೆಯನ್ನು ಯಾವ ನಿಯಂತ್ರಕವೂ ಅಳಿಸಲಾರದು.

ಆದರ್ಶ ಸ್ಲೈಡಿಂಗ್‌ಗೆ ಅನಂತ ಸ್ವಿಚಿಂಗ್ ಆವರ್ತನ ಬೇಕಾದ್ದರಿಂದ, ವಾಸ್ತವದಲ್ಲಿ ಹಿಸ್ಟೆರಿಸಿಸ್ ಪಟ್ಟಿಯನ್ನು (ಮೇಲ್ಮೈಯ ಎರಡೂ ಬದಿಗೆ ಸಣ್ಣ ಅಂತರ, ಅದನ್ನು ಮುಟ್ಟಿದಾಗಷ್ಟೇ ಸ್ವಿಚ್ ಬದಲಾಗುತ್ತದೆ) ಇರಿಸುತ್ತಾರೆ. ಆಗ ಆವರ್ತನವು ಇನ್‌ಪುಟ್ ವೋಲ್ಟೇಜಿನೊಂದಿಗೆ ಬದಲಾಗಿ ಇಎಂಐ (ವಿದ್ಯುತ್ಕಾಂತೀಯ ಅಡಚಣೆ) ಫಿಲ್ಟರ್‌ನ ವಿನ್ಯಾಸ ಕಷ್ಟವಾಗುತ್ತದೆ. ಅದು ನಿಮಗೆ ಮುಖ್ಯವಾಗಿದ್ದರೆ, ಸಮಾನ ನಿಯಂತ್ರಣದಿಂದ (ಸ್ಥಿತಿಯನ್ನು ಮೇಲ್ಮೈಯ ಮೇಲೆ ಉಳಿಸಲು ಬೇಕಾದ ಸರಾಸರಿ ನಿಯಂತ್ರಣ) ಡ್ಯೂಟಿಯನ್ನು ಲೆಕ್ಕಹಾಕಿ ಸ್ಥಿರ ಆವರ್ತನದ ಪಿಡಬ್ಲ್ಯುಎಂಗೆ (ಪಲ್ಸ್‌ನ ಅಗಲವನ್ನು ಬದಲಿಸುವ ವಿಧಾನ) ಕೊಡುವ ರೂಪವನ್ನು ಆರಿಸಿಕೊಳ್ಳಿ.