ಬ್ರಷ್ ಕಟರ್ ಹೊಡೆದ ಮೇಲೆ ಕೈ ಜೋಮು ಹಿಡಿಯುವುದು ಬರೀ ಆಯಾಸವಾ?

ದಿನವಿಡೀ ಕಳೆ ಹೊಡೆದ ರಾತ್ರಿ ಬೆರಳು ಜುಮುಜುಮು ಅಂದು ಎಚ್ಚರ ಆಗುತ್ತದೆ, ಇದು ಆಯಾಸವಾ ಅಂತ ಕೇಳಿದ್ದೀರಿ. ದಯವಿಟ್ಟು ಆಯಾಸ ಅಂತ ಬಿಟ್ಟುಬಿಡಬೇಡಿ. ಯಂತ್ರ ಕೆಳಗಿಟ್ಟ ಮೇಲೂ ಉಳಿಯುವ ಜೋಮು, ಕಂಪನದಿಂದ ನರಕ್ಕೆ ಪೆಟ್ಟು ಬೀಳುತ್ತಿರುವುದರ ಮೊದಲ ಗುರುತಾಗಿರಬಹುದು.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ಬೆಳೆಗಾರ. ನಮ್ಮಲ್ಲಿ ಕೂಲಿಗೆ ಮಷಿನ್ ಹೊಡೆಯುವವರು ಮಳೆಗಾಲ ಪೂರ್ತಿ ಒಂದು ತೋಟ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಅವರಲ್ಲಿ ಕೆಲವರಿಗೆ ಅಂಗಿ ಗುಂಡಿ ಹಾಕುವುದೇ ಕಷ್ಟ. ಕವಳ ಹಾಕುವಾಗ ಎಲೆಯ ತೊಟ್ಟು ಮುರಿಯಲು ಹೋದರೆ ಬೆರಳಿಗೆ ಎಲೆ ಸಿಕ್ಕಿದ್ದೇ ಗೊತ್ತಾಗುವುದಿಲ್ಲ. ಚಳಿ ದೇಶಗಳಲ್ಲಿ ಯಂತ್ರದ ಗರಗಸ ಹಿಡಿಯುವವರ ಬೆರಳು ರಕ್ತ ಹರಿಯದೆ ಬೆಳ್ಳಗಾಗುತ್ತದೆ. ನಮ್ಮಂಥ ಬೆಚ್ಚಗಿನ ಊರಲ್ಲಿ ಅದು ಕಡಿಮೆ, ಜೋಮೇ ಜಾಸ್ತಿ. ಹಾಗಾಗಿ ಬೆರಳು ಬೆಳ್ಳಗಾಗಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ನರ ಒಮ್ಮೆ ಕೆಟ್ಟರೆ ಪೂರ್ತಿ ಸರಿಹೋಗುವುದು ಕಷ್ಟ.

ಎಷ್ಟು ಹೊತ್ತು ಹೊಡೆಯಬಹುದು? ಯುರೋಪಿನಲ್ಲಿ 2002ರ ನಿಯಮವೊಂದಿದೆ. ಅಲ್ಲಿ ಕೈಗೆ ತಾಗುವ ಕಂಪನ ದಿನದ 8 ಗಂಟೆಗೆ ಸರಾಸರಿ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ (m/s², ಕಂಪನ ಅಳೆಯುವ ಮಾನ) ದಾಟಿದರೆ ಮಾಲೀಕ ಕ್ರಮ ತೆಗೆದುಕೊಳ್ಳಲೇಬೇಕು. 5 ದಾಟುವಂತಿಲ್ಲ. ಒಳ್ಳೆ ಕಂಪನಿಯ ಮಷಿನ್ ಆದರೆ ಪುಸ್ತಕದಲ್ಲಿ ಎಡ, ಬಲ ಹಿಡಿಕೆಯ ಕಂಪನ ಬರೆದಿರುತ್ತಾರೆ, ನೋಡಿ. 5 ಅಂತಿದ್ದರೆ ಆ ಮೊದಲ ಮಿತಿ 2 ಗಂಟೆಗೇ ಮುಟ್ಟುತ್ತದೆ. 10 ಇದ್ದರೆ ಅರ್ಧ ಗಂಟೆಗೆ! ಕಂಪನ ಎರಡರಷ್ಟಾದರೆ ಸಮಯ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ.

ಅದೂ ಹೊಸ ಮಷಿನ್ನಿನ ಲೆಕ್ಕ. ಕಲ್ಲಿಗೆ ಬಡಿದು ಬ್ಲೇಡಿನ ಒಂದು ಹಲ್ಲು ಹಾರಿದ್ದರೆ ತೂಕ ತಪ್ಪಿ ಇಡೀ ಪೈಪ್ ನಡುಗುತ್ತದೆ. ನೈಲಾನ್ ದಾರದ ಒಂದು ತುದಿ ಗಿಡ್ಡ ಆದರೂ ಅಷ್ಟೇ. ಎಂಜಿನ್ ಮತ್ತು ಹಿಡಿಕೆಯ ನಡುವಿನ ರಬ್ಬರ್ ಬುಷ್ ಒಮ್ಮೆ ಬೆರಳಿನಿಂದ ಒತ್ತಿ ನೋಡಿ. ಬಿರುಕು ಬಿಟ್ಟಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಇವತ್ತೇ ಬದಲಾಯಿಸಿ. ಸೊಂಟಪಟ್ಟಿ, ಭುಜದ ಬೆಲ್ಟು ಸರಿಯಾಗಿ ಕಟ್ಟಿ ಭಾರವನ್ನು ಮೈಗೆ ಬಿಡಿ. ಹಿಡಿಕೆಯನ್ನು ಬಿಗಿಹಿಡಿದಷ್ಟೂ ಕಂಪನ ಕೈಗೆ ಏರುತ್ತದೆ. ಗ್ಲೌಸ್ ಕೈ ಬೆಚ್ಚಗಿಡಲು ಒಳ್ಳೆಯದು, ಆದರೆ ಕಂಪನ ತಡೆಯುತ್ತದೆ ಅಂತ ಅದನ್ನೇ ನಂಬಬೇಡಿ. ಬೀಡಿ ಸೇದುವ ಅಭ್ಯಾಸ ಇದ್ದರೆ ಬಿಡಿ, ಅದು ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತದೆ.

ನಿದ್ದೆಯಿಂದ ಎಬ್ಬಿಸುವಷ್ಟು ಜೋಮು ಇರುವುದರಿಂದ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಬಿ12 ಕೊರತೆ, ಮಣಿಕಟ್ಟಿನಲ್ಲಿ ನರ ಒತ್ತುವುದು, ಇವುಗಳಲ್ಲೂ ಹೀಗೇ ಆಗುತ್ತದೆ. ಯಾವ ಮಷಿನ್, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಗಂಟೆ ಅಂತ ನೀವಾಗಿಯೇ ಹೇಳಿ. ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ.