ಕ್ಯಾಮೆರಾದಲ್ಲಿ ಐಎಸ್‌ಒ (ಫೋಟೊದ ಬೆಳಕನ್ನು ಏರಿಸುವ ಸೆಟ್ಟಿಂಗ್) 100ಕ್ಕೂ 6400ಕ್ಕೂ ಒಂದೇ ಡೈನಾಮಿಕ್ ರೇಂಜ್ (ಅತಿ ಕಪ್ಪಿನಿಂದ ಅತಿ ಬಿಳಿಯವರೆಗೆ ಹಿಡಿಯಬಲ್ಲ ಅಂತರ) ಬರುವುದು ಯಾಕೆ?
ಹೆಚ್ಚಾಗಿ ನೀವು ಜೆಪೆಗ್‌ನಲ್ಲಿ ಅಳೆದಿದ್ದೀರಿ. ಅದರಲ್ಲಿ ಕ್ಯಾಮೆರಾ ನಾಯ್ಸನ್ನು (ಫೋಟೊದ ಕಾಳುಕಾಳು ಕಲೆಯನ್ನು) ಮೊದಲೇ ಒರೆಸಿಬಿಟ್ಟಿರುತ್ತದೆ. ಸೆನ್ಸರ್ ಕೊಟ್ಟದ್ದನ್ನು ಹಾಗೇ ಇಟ್ಟಿರುವ ರಾ ಫೈಲೇ ಬೇಕು.

ಲೆನ್ಸಿಗೆ ಮುಚ್ಚಳ ಹಾಕಿ, 1/4000 ಸೆಕೆಂಡಿನಲ್ಲಿ ಪ್ರತಿ ಐಎಸ್‌ಒಗೆ ಎರಡೆರಡು ಫೋಟೊ ತೆಗೆಯಿರಿ. ಒಂದರ ಪಿಕ್ಸೆಲ್ ಸಂಖ್ಯೆಗಳಿಂದ ಇನ್ನೊಂದರದ್ದನ್ನು ಕಳೆದು, ಉಳಿದದ್ದರ ಸ್ಟ್ಯಾಂಡರ್ಡ್ ಡೀವಿಯೇಶನ್ನನ್ನು (ಏರಿಳಿತದ ಅಳತೆಯನ್ನು) 1.414ರಿಂದ ಭಾಗಿಸಿ. ಅದೇ ರೀಡ್ ನಾಯ್ಸ್, ಅಂದರೆ ಬೆಳಕಿಲ್ಲದಿದ್ದರೂ ಕ್ಯಾಮೆರಾ ತಾನೇ ಸೇರಿಸುವ ನಾಯ್ಸ್. ಆಮೇಲೆ ಬಿಳಿ ಗೋಡೆಯನ್ನು ಪೂರ್ತಿ ಬೆಳ್ಳಗಾಗುವಷ್ಟು ಓವರ್‌ಎಕ್ಸ್‌ಪೋಸ್ ಮಾಡಿ. ಆಗ ಬರುವ ಗರಿಷ್ಠ ಪಿಕ್ಸೆಲ್ ಸಂಖ್ಯೆಯಲ್ಲಿ ಕಪ್ಪು ಫೋಟೊದ ಸರಾಸರಿ ಕಳೆದು, ನಾಯ್ಸಿನಿಂದ ಭಾಗಿಸಿ, ಬೇಸ್ 2ರ ಲಾಗ್ ತೆಗೆದರೆ ಡೈನಾಮಿಕ್ ರೇಂಜಿನ ಸ್ಟಾಪ್ ಲೆಕ್ಕ ಸಿಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಕಪ್ಪಿನ ಸರಾಸರಿ ಸೊನ್ನೆ ಬಂದರೆ ಮಾತ್ರ ನಂಬಬೇಡಿ, ನಾಯ್ಸಿನ ಅರ್ಧ ಕತ್ತರಿಸಿ ಹೋಗಿರುತ್ತದೆ.

ಕೇರಳದ ನೀಲೇಶ್ವರದ ತೆಯ್ಯದ (ದೈವದ ಕುಣಿತದ) ಫೋಟೊದಲ್ಲಿ ಸೂಟೆಯ (ಪಂಜಿನ) ಬೆಂಕಿ ಬರೀ ಬಿಳಿ ಮಚ್ಚೆಯಾಗಿದೆ ಅಂದಿರಲ್ವಾ? ಐಎಸ್‌ಒ ದುಪ್ಪಟ್ಟಾದಾಗಲೆಲ್ಲ ಹೈಲೈಟಿನ (ಅತಿ ಬೆಳಕಿನ ಭಾಗದ) ಒಂದು ಸ್ಟಾಪ್ ಹೋಗುತ್ತದೆ. ಶಟರ್, ಅಪರ್ಚರ್ ಬದಲಿಸದೆ ಐಎಸ್‌ಒ ಮಾತ್ರ 1600ಕ್ಕೆ ಇಳಿಸಿ ತೆಗೆದು, ಮುಖದ ಕೆಂಪನ್ನು ರಾ ಫೈಲಿನಲ್ಲಿ ಎತ್ತಿ ನೋಡಿ.