ಮನೆಯೊಳಗಿನ ಇಂಟರ್‌ಕಾಮ್ ಆಗಿ ಸ್ಮಾರ್ಟ್ ಸ್ಪೀಕರ್‌ಗಳನ್ನು ಬಳಸಬಹುದೇ?

ಮೂರು ಅಂತಸ್ತಿನ ಮನೆ, ಮೇಲಿನ ಕೋಣೆಯಲ್ಲಿ ವಯಸ್ಸಾದ ತಾಯಿ, ಕೆಳಗಿನಿಂದ ಕೂಗಿದರೆ ಅವರಿಗೆ ಕೇಳಿಸುವುದಿಲ್ಲ. ಬೇರೆ ಇಂಟರ್‌ಕಾಮ್ ಹಾಕಿಸುವ ಬದಲು, ಮಾತಿನ ಆದೇಶ ಕೇಳಿ ಕೆಲಸ ಮಾಡುವ ಸ್ಮಾರ್ಟ್ ಸ್ಪೀಕರ್ ಮತ್ತು ಪರದೆಯಿರುವ ಡಿಸ್‌ಪ್ಲೇಗಳಿಂದಲೇ ಆ ಕೆಲಸ ನಡೆದೀತೇ, ಯಾವುದನ್ನು ಕೊಳ್ಳಬೇಕು ಎಂದು ಕೇಳಿದ್ದೀರಿ. ಖಂಡಿತ ನಡೆಯುತ್ತದೆ. ನಮ್ಮ ಮನೆಯ ಮಹಡಿಯಲ್ಲಿ ಕಿವಿ ತುಸು ಮಂದವಾಗಿರುವ ತಂದೆಯವರಿದ್ದಾರೆ, ಹಲವು ವರ್ಷಗಳಿಂದ ನಾವು ಇದೇ ವ್ಯವಸ್ಥೆಯನ್ನು ಬಳಸುತ್ತಿದ್ದೇವೆ. ಆದರೆ ಯಾವ ಕಂಪನಿಯದು ಎನ್ನುವುದಕ್ಕಿಂತ ಮೊದಲು ನೀವು ತೀರ್ಮಾನಿಸಬೇಕಾದದ್ದು ಒಂದಿದೆ. ನಿಮ್ಮ ಮಾತು ತಾಯಿಯವರ ಕೋಣೆಗೆ ತಲುಪಿದರೆ ಸಾಕೋ, ಅಥವಾ ಅವರು ಏನನ್ನೂ ಒತ್ತದೆ, ಏನನ್ನೂ ಹೇಳದೆ ಇದ್ದಾಗಲೂ ಅವರ ಕೋಣೆಯ ಸದ್ದು ನಿಮಗೆ ಕೇಳಿಸಬೇಕೋ?

ಇವೆರಡೂ ಬೇರೆ ಬೇರೆ ಸೌಲಭ್ಯಗಳು. ಮೊದಲನೆಯದು ಘೋಷಣೆ. ನೀವು ಹೇಳಿದ ಮಾತನ್ನು ಸ್ಪೀಕರ್ ಧ್ವನಿಮುದ್ರಿಸಿಕೊಂಡು, ಉಳಿದ ಕೋಣೆಗಳಲ್ಲಿ ನಿಮ್ಮ ದನಿಯಲ್ಲೇ ಕೇಳಿಸುತ್ತದೆ. ಅಮೆಜಾನ್ ಇದನ್ನು ಅನೌನ್ಸ್‌ಮೆಂಟ್ ಎಂದೂ, ಗೂಗಲ್ ಬ್ರಾಡ್‌ಕಾಸ್ಟ್ ಎಂದೂ ಕರೆಯುತ್ತವೆ. 2020ರಲ್ಲಿ ಹೋಮ್‌ಪಾಡ್ ಮಿನಿ ಸ್ಪೀಕರ್ ಜೊತೆಗೆ ಆ್ಯಪಲ್ ತಂದ ಸೌಲಭ್ಯಕ್ಕೆ ಇಂಟರ್‌ಕಾಮ್ ಎಂದೇ ಹೆಸರಿದ್ದರೂ ಅದೂ ಈ ಜಾತಿಯದೇ. ಒಬ್ಬರು ಹೇಳಿ ಮುಗಿಸಿದ ಮೇಲೆ ಇನ್ನೊಬ್ಬರು ಉತ್ತರವನ್ನು ಹೊಸ ಸಂದೇಶವಾಗಿ ಕಳಿಸಬೇಕು. ಎರಡನೆಯದು ಅಮೆಜಾನ್‌ನ ಎಕೋ ಸಾಧನಗಳಲ್ಲಿ 2017ರಿಂದ ಇರುವ ಡ್ರಾಪ್ ಇನ್. ಇದರಲ್ಲಿ ಆ ಕಡೆಯವರು ಕರೆಯನ್ನು ಸ್ವೀಕರಿಸಬೇಕಾಗಿಲ್ಲ. ನೀವು ಹೇಳಿದ ಕೂಡಲೇ ಎರಡೂ ಕೋಣೆಗಳ ನಡುವೆ ಮಾತಿನ ದಾರಿ ತೆರೆದುಕೊಂಡು, ಫೋನಿನಲ್ಲಿ ಮಾತಾಡುವಂತೆಯೇ ಇಬ್ಬರೂ ಮಾತಾಡಬಹುದು.

ಬಿದ್ದವರನ್ನು, ಉಸಿರಾಟದ ತೊಂದರೆಯಿರುವವರನ್ನು ವಿಚಾರಿಸಲು ಎರಡನೆಯದು ಬಹಳ ಉಪಯುಕ್ತ ಎನ್ನುವುದರಲ್ಲಿ ಸಂಶಯವಿಲ್ಲ. ಆದರೂ ನನ್ನ ಸ್ಪಷ್ಟ ಅಭಿಪ್ರಾಯ ಇಷ್ಟೇ: ಆ ಕೋಣೆ ಯಾರದೋ ಅವರ ಒಪ್ಪಿಗೆಯಿಲ್ಲದೆ ಅದನ್ನು ಚಾಲೂ ಮಾಡಬಾರದು. ವಯಸ್ಸಾದವರು ಬಟ್ಟೆ ಬದಲಿಸುತ್ತಿರಬಹುದು, ಯಾರೊಂದಿಗೋ ಮನಸ್ಸು ಬಿಚ್ಚಿ ಮಾತಾಡುತ್ತಿರಬಹುದು, ಒಬ್ಬರೇ ಅಳುತ್ತಿರಬಹುದು. ನೋಡಿಕೊಳ್ಳುತ್ತೇವೆ ಎಂಬ ಕಾರಣಕ್ಕೆ ಅವರ ಬಾಗಿಲು ತಟ್ಟುವ ಮರ್ಯಾದೆಯನ್ನು ನಾವು ಬಿಡಲಾಗದು. ಡಿಸ್‌ಪ್ಲೇ ಇರುವ ಎಕೋ ಶೋನಲ್ಲಿ ಡ್ರಾಪ್ ಇನ್ ಶುರುವಾದಾಗ ಚಿತ್ರ ಕೆಲವು ಸೆಕೆಂಡುಗಳ ಕಾಲ ಮಸುಕಾಗಿದ್ದು, ಆಮೇಲೆ ತಿಳಿಯಾಗುತ್ತದೆ. ಅಷ್ಟರೊಳಗೆ ವೀಡಿಯೊ ಬೇಡವೆಂದು ಹೇಳಬಹುದು, ಆದರೆ ಎಂಬತ್ತು ದಾಟಿದವರಿಗೆ ಆ ಅವಕಾಶ ಸಾಲದು. ನಾವು ತಂದೆಯವರನ್ನು ಕೂರಿಸಿಕೊಂಡು, ಉಂಗುರದಂತಹ ಹಸಿರು ದೀಪ ಸುತ್ತುತ್ತಿದ್ದರೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆಂದು ಅರ್ಥ, ಮೈಕ್ ಬಂದ್ ಮಾಡುವ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ ಎಂದು ತೋರಿಸಿಕೊಟ್ಟೆವು. ಮಧ್ಯಾಹ್ನ ಮಲಗುವ ಹೊತ್ತಿಗೆ ಡು ನಾಟ್ ಡಿಸ್ಟರ್ಬ್ ತಾನಾಗಿಯೇ ಶುರುವಾಗುವಂತೆ ಸಮಯ ಹಾಕಿಕೊಟ್ಟಿದ್ದೇವೆ. ಅಷ್ಟು ಹೊತ್ತು ಡ್ರಾಪ್ ಇನ್ ಆಗಲಿ ಘೋಷಣೆಯಾಗಲಿ ಅವರನ್ನು ಎಬ್ಬಿಸುವುದಿಲ್ಲ. ಪ್ರತಿ ಸಾಧನಕ್ಕೂ ಡ್ರಾಪ್ ಇನ್ ಅನುಮತಿಯನ್ನು ಬೇರೆಯಾಗಿ ನಿಗದಿಪಡಿಸಬಹುದಾದ್ದರಿಂದ, ಅತಿಥಿಗಳು ಮಲಗುವ ಕೋಣೆಯಲ್ಲಿ ಅದನ್ನು ಪೂರ್ತಿ ತೆಗೆದುಬಿಡಿ, ಉಳಿದೆಡೆ ಮನೆಯವರಿಗೆ ಮಾತ್ರ ಎಂದು ಇಡಿ.

ದಿನನಿತ್ಯಕ್ಕೆ ಘೋಷಣೆಯೇ ಸಾಕು. ಅದರಲ್ಲಿ ಕನ್ನಡದವರಿಗೆ ಒಂದು ತೊಡಕು ಬರುತ್ತದೆ. ಆದೇಶವನ್ನು ಇಂಗ್ಲಿಷಿನಲ್ಲಿ ಕೊಟ್ಟು, ಅದೇ ಉಸಿರಿನಲ್ಲಿ ಸಂದೇಶವನ್ನು ಕನ್ನಡದಲ್ಲಿ ಹೇಳಿದರೆ ಸ್ಪೀಕರ್ ಇಡೀ ವಾಕ್ಯವನ್ನು ಇನ್ನೇನೋ ಆದೇಶವೆಂದು ತಿಳಿದುಕೊಳ್ಳುವುದುಂಟು. ಎಕೋ ಸಾಧನವನ್ನು ಕರೆಯುವ ಹೆಸರು ಅಲೆಕ್ಸಾ; 'ಅಲೆಕ್ಸಾ, ಅನೌನ್ಸ್' ಎಂದಷ್ಟೇ ಹೇಳಿ ನಿಲ್ಲಿಸಿ. ಏನು ತಿಳಿಸಬೇಕೆಂದು ಅದು ಕೇಳಿದ ಮೇಲೆ ಕನ್ನಡದಲ್ಲಿ ಮಾತಾಡಿ. ಆ ಕಡೆ ಕೇಳಿಸುವುದು ನಿಮ್ಮದೇ ದನಿಯಾದ್ದರಿಂದ ಅದಕ್ಕೆ ಕನ್ನಡ ಬರುತ್ತದೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಕಿವಿ ಮಂದವಾದವರಿಗೆ ಇನ್ನೊಂದು ಅಭ್ಯಾಸ ಬೇಕಾಗುತ್ತದೆ. ಘೋಷಣೆಯ ಮುನ್ನ ಬರುವ ಗಂಟೆಯ ಸದ್ದಿಗೆ ತಂದೆಯವರು ತಲೆಯೆತ್ತುವಷ್ಟರಲ್ಲಿ ಮೊದಲ ಎರಡು ಮಾತು ಕಳೆದುಹೋಗಿರುತ್ತಿತ್ತು. ಈಗ ನಾವೆಲ್ಲರೂ 'ಅಪ್ಪಾ' ಎಂದು ಕರೆದು, ತುಸು ತಡೆದು, ಆಮೇಲೆ ವಿಷಯ ಹೇಳುತ್ತೇವೆ. ವೀಡಿಯೊ ಕರೆಯಾದರೆ ಅವರು ಪರದೆಯ ಹತ್ತಿರಕ್ಕೆ ಬಾಗಿ ನಮ್ಮ ತುಟಿಗಳನ್ನೇ ನೋಡುತ್ತಾರೆ. ಕಿವಿಗೆ ತಪ್ಪಿದ್ದನ್ನು ಕಣ್ಣು ಹಿಡಿಯುತ್ತದೆ, ಡಿಸ್‌ಪ್ಲೇಗೆ ಹೆಚ್ಚು ಹಣ ಕೊಡುವುದು ಅದಕ್ಕಾಗಿಯೇ ಸಾರ್ಥಕ.

ಜೋಡಣೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಎಲ್ಲ ಸಾಧನಗಳೂ ಒಂದೇ ಖಾತೆಯಲ್ಲಿ ಅಥವಾ ಒಂದೇ ಮನೆಯ ಗುಂಪಿನಲ್ಲಿರಲಿ. ಕೋಣೆಗಳ ಹೆಸರುಗಳು ಚಿಕ್ಕವಾಗಿರಲಿ, ಒಂದಕ್ಕೊಂದು ಹೋಲದಿರಲಿ. ಪಕ್ಕಪಕ್ಕದ ಕೋಣೆಗಳ ನಡುವೆ ಡ್ರಾಪ್ ಇನ್ ಮಾಡಿದರೆ ಒಂದರ ಸದ್ದು ಇನ್ನೊಂದರ ಮೈಕ್‌ಗೆ ಹೋಗಿ ಕೀರಲು ಶಬ್ದ ಬರುವುದರಿಂದ, ಅದನ್ನು ಬೇರೆ ಬೇರೆ ಅಂತಸ್ತುಗಳಿಗೆ ಮೀಸಲಿಡಿ. ಮೇಲಿನ ಅಂತಸ್ತಿನಲ್ಲಿ ವೈಫೈ ದುರ್ಬಲವಾಗಿದ್ದರೆ ಮಾತು ತುಂಡುತುಂಡಾಗುತ್ತದೆ. ಗೋಡೆ, ಮಾಳಿಗೆಗಳನ್ನು ದಾಟಲು 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಸಂಪರ್ಕವೇ ವಾಸಿ.

ತುರ್ತು ಸಂದರ್ಭಕ್ಕೆ ಮಾತ್ರ ಇದೊಂದನ್ನೇ ನಂಬಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಕರೆಂಟ್ ಹೋದರೆ ಇವುಗಳಲ್ಲಿ ಹೆಚ್ಚಿನವು ಸುಮ್ಮನಾಗುತ್ತವೆ, ಏಕೆಂದರೆ ಒಳಗೆ ಬ್ಯಾಟರಿ ಇರುವುದಿಲ್ಲ. ಇಂಟರ್ನೆಟ್ ಕಡಿದರೆ ಒಂದೇ ಮನೆಯ ಎರಡು ಕೋಣೆಗಳ ನಡುವೆಯೂ ಮಾತು ಹೋಗುವುದಿಲ್ಲ, ಏಕೆಂದರೆ ಆದೇಶವನ್ನು ಅರ್ಥಮಾಡಿಕೊಳ್ಳುವುದು ದೂರದ ಸರ್ವರ್. ಮೇಲಾಗಿ, ಬಿದ್ದು ಗಾಬರಿಯಾದವರಿಗೆ ಸರಿಯಾದ ಆದೇಶ ಬಾಯಿಗೆ ಬರದೆ ಹೋಗಬಹುದು. ತಾಯಿಯವರ ಮಂಚದ ಬದಿಗೆ ಒಂದು, ಸ್ನಾನದ ಮನೆಗೆ ಒಂದು ಎಂದು ಬ್ಯಾಟರಿಯ ವೈರ್‌ಲೆಸ್ ಕಾಲಿಂಗ್ ಬೆಲ್ ಗುಂಡಿಗಳನ್ನೂ ಹಾಕಿಸಿ. ಕೆಳಗೆ ಗಂಟೆ ಮೊಳಗಿಸುವ ಪೆಟ್ಟಿಗೆಯೂ ಬ್ಯಾಟರಿಯದೇ ಆಗಿರಲಿ. ರೂಟರ್ ಮತ್ತು ಸ್ಪೀಕರ್‌ಗಳಿಗೆ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಕೊಳ್ಳುವ ಬಗ್ಗೆ: ಮನೆಯಲ್ಲಿ ಈಗಾಗಲೇ ಒಂದು ಕಂಪನಿಯ ಸಾಧನವಿದ್ದು, ನಿಮಗೆ ಘೋಷಣೆಯಷ್ಟೇ ಸಾಕಿದ್ದರೆ ಅದನ್ನೇ ಮುಂದುವರಿಸಿ, ಏಕೆಂದರೆ ಒಂದು ಕಂಪನಿಯ ಘೋಷಣೆ ಇನ್ನೊಂದರ ಸ್ಪೀಕರ್‌ನಲ್ಲಿ ಕೇಳಿಸುವುದಿಲ್ಲ. ಎರಡೂ ಕಡೆಯಿಂದ ನೇರವಾಗಿ ಮಾತಾಡಬೇಕೆಂದರೆ ತಾಯಿಯವರ ಕೋಣೆಗೆ ಕ್ಯಾಮೆರಾ ಮುಚ್ಚಳವಿರುವ ಒಂದು ಎಕೋ ಶೋ, ನೀವು ಹೆಚ್ಚು ಹೊತ್ತು ಇರುವ ಕಡೆ ಒಂದು ಸಣ್ಣ ಎಕೋ ಸ್ಪೀಕರ್ ಸಾಕು; ಅವರ ಮುಖ ನೋಡಿ ಮಾತಾಡಬೇಕೆನಿಸಿದಾಗ ನಿಮ್ಮ ಫೋನಿನ ಅಲೆಕ್ಸಾ ಆ್ಯಪ್‌ನಿಂದಲೇ ಆ ಡಿಸ್‌ಪ್ಲೇಗೆ ಕರೆ ಮಾಡಬಹುದು. ಕೊಳ್ಳುವ ಮೊದಲು, ಆ ಮುಚ್ಚಳ ಯಾವಾಗ ತೆರೆದಿರಬೇಕು, ಯಾವಾಗ ಮುಚ್ಚಿರಬೇಕು ಎಂಬುದನ್ನು ತಾಯಿಯವರನ್ನೇ ಕೇಳಿ.